ಮೂರನೆಯ ಕೂಗಿಗೆ ಪರದೆ

ಕನ್ನಮ್ಮ ಮೂರನೆಯ ಸಲ "ಹೂವಪ್ಪಾ" ಎಂದು ಕೂಗಿ ತಲೆಯನ್ನು ಚಾಪೆಯ ಮೇಲೆ ವಾಲಿಸಿದಾಗ ಹೊಸನಗರದ ಹೆಂಗಸರಲ್ಲಿ ಒಬ್ಬರೂ ಅಳಲಿಲ್ಲ. ಎಲ್ಲರೂ ಒಟ್ಟಿಗೆ ಹಿಂದಕ್ಕೆ ತಿರುಗಿ, ಗೋಡೆಗೆ ಒರಗಿ ಕೂತಿದ್ದ ಯಾರನ್ನೋ ನೋಡಿದರು.

ಸತ್ತು ಬಿದ್ದಾಗ ಕಣ್ಣನ್ನು ಪೂರ್ತಿ ಮುಚ್ಚುವ ಅಭ್ಯಾಸ ಅವಳಿಗಿರಲಿಲ್ಲ. ನಾಟಕ ಕಂಪನಿಯ ಡೇರೆಯಲ್ಲೇ ಹುಟ್ಟಿ ಬೆಳೆದವಳು. ರೆಪ್ಪೆಯ ಸಂದಿಯಿಂದ ಸಭೆಯನ್ನು ಅಳೆಯುವುದು ಅವಳಿಗೆ ಉಸಿರಾಡಿದಷ್ಟು ಸಹಜ. ಸಾಗರದಲ್ಲಿ ಇದೇ ಕೂಗಿಗೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಆಟ ಮುಗಿದ ಮೇಲೆ ಒಬ್ಬ ಮುದುಕಿ ಬಂದು ಅವಳ ಪಾದ ಮುಟ್ಟಿ, ಬೆಚ್ಚಗಿದೆಯೋ ಇಲ್ಲವೋ ಎಂದು ನೋಡಿ ಹೋಗಿದ್ದಳು. ಇಲ್ಲಿ ಏನೋ ತಪ್ಪಿತು. ಏನು ತಪ್ಪಿತೆಂದು ತಿಳಿಯುವ ಮೊದಲೇ ಭೂತಪ್ಪ ಮುಂದಿನ ಪರದೆ ಬಿಟ್ಟ. ಮೂರನೆಯ ಕೂಗು ಕೇಳಿದೊಡನೆ ಹಗ್ಗ ಸಡಿಲಿಸಬೇಕೆಂಬುದು ಅವನಿಗೆ ಹೇಳಿಕೊಟ್ಟ ಗುರುತು.

ಆ ನಾಟಕದಲ್ಲಿ ಪಾತ್ರ ಮಾಡುವವಳು ಅವಳೊಬ್ಬಳೇ. ಕಂಪನಿ ಸಾಗರದ ಮೊಕ್ಕಾಮಿನಲ್ಲಿ ಮುರಿದು ನಟರೆಲ್ಲ ತಂತಮ್ಮ ಊರು ಹಿಡಿದಾಗ, ಹಿಡಿಯಲು ಊರಿಲ್ಲದೆ ಉಳಿದವಳು ಕನ್ನಮ್ಮ. ಹೆಂಡತಿಯ ತಮ್ಮನ ಮನೆಗೆ ಹೋಗಲು ಮನಸ್ಸಿಲ್ಲದೆ ಉಳಿದವನು ಪರದೆಯ ಭೂತಪ್ಪ. ಜೊತೆಗೆ ರಂಗದ ಹಿಂದೆ ಕಟ್ಟುವ, ಕಾಡುದಾರಿಯ ಚಿತ್ರವಿದ್ದ ಹಳೆಯ ಪರದೆಯೊಂದು ಉಳಿಯಿತು. ಅದನ್ನು ಚಿತ್ರಗಾರ ಹೂವಪ್ಪ ಹರೆಯದಲ್ಲಿ ಇದೇ ಕಂಪನಿಗೆ ಬರೆದುಕೊಟ್ಟಿದ್ದ. ಆಮೇಲೆ ಅವನು ಮುಂಬಯಿಗೆ ಹೋಗಿ, ದೇಶವೆಲ್ಲ ಹೆಸರಾಗಿ, ಎರಡು ವರ್ಷದ ಹಿಂದೆ ಅಲ್ಲೇ ತೀರಿಕೊಂಡ. ಸಾಗರದ ಹೈಸ್ಕೂಲಿನ ಹೇರಂಬ ಮಾಸ್ತರು ಆ ಪರದೆಯನ್ನೂ ಪರದೆಯ ಮುಂದೆ ಸುಮ್ಮನೆ ಕೂತಿದ್ದ ಕನ್ನಮ್ಮನನ್ನೂ ಒಟ್ಟಿಗೆ ನೋಡಿ ನಾಟಕ ಬರೆದರು. ಹೆಗಲಿಗೆ ಉತ್ತರೀಯ ಬಂದರೆ ಅವಳು ಹೂವಪ್ಪ; ತಲೆಗೆ ಸೆರಗು ಬಂದರೆ ಅವನ ಹೆಂಡತಿ.

ಹೂವಪ್ಪನ ಎಲ್ಲ ಚಿತ್ರಗಳಿಗಿಂತ ಹೆಸರಾದದ್ದು, ಕಿಟಕಿಯ ಪಕ್ಕ ಚಾಪೆಯ ಮೇಲೆ ಕೊನೆಯುಸಿರು ಎಳೆಯುತ್ತಿರುವ ಹೆಂಗಸಿನದು. ಕ್ಯಾಲೆಂಡರಿನಲ್ಲಿ ಅಚ್ಚಾಗಿ ಹೋಟೆಲು, ಕ್ಷೌರದಂಗಡಿಗಳಲ್ಲೂ ಅದು ನೇತಾಡುತ್ತಿತ್ತು. ಅವಳು ಅವನ ಹೆಂಡತಿ ಎಂದು ಎಲ್ಲರೂ ಹೇಳುತ್ತಿದ್ದರು. ವಿಚಾರಿಸೋಣವೆಂದರೆ ಅವನ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿ, ಜನ ದಿಕ್ಕಿಗೊಬ್ಬರಾಗಿ ಚದುರಿದ್ದರು. ಮಾಸ್ತರು ಚಿತ್ರವನ್ನೇ ನಂಬಿ ಅವಳನ್ನು ಸಾಯಿಸಿದರು. ದೂರದಲ್ಲಿರುವ ಗಂಡನನ್ನು ಮೂರು ಸಲ ಹೆಸರು ಹಿಡಿದು ಕೂಗಿ ಅವಳು ಪ್ರಾಣ ಬಿಡುತ್ತಾಳೆ. ಅಲ್ಲಿಗೆ ನಾಟಕ ಮುಗಿಯುತ್ತದೆ.

ಮರುದಿನ ಬೆಳಿಗ್ಗೆ, ಆಟ ನಡೆದಿದ್ದ ಶಾಲೆಯ ಹಿಂದಿನ ಕೋಣೆಯಲ್ಲಿ ಕನ್ನಮ್ಮ ಹಾಸಿಗೆ ಸುತ್ತುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಅರವತ್ತರ ಸುಮಾರಿನವಳು. ಬರಿಯ ಹಣೆ. ಗೋಡೆಗೆ ಒರಗಿ ಕೂತಿದ್ದವಳು ಇವಳೇ ಎಂದು ಕನ್ನಮ್ಮನಿಗೆ ನೋಡಿದ ಕೂಡಲೇ ತಿಳಿಯಿತು.

"ನಿನ್ನೆ ಸತ್ತೋಳು ನಾನೇ ತಂಗಿ. ಕೆರಿಯಮ್ಮ ಅಂತ," ಎಂದಳು ಹೆಂಗಸು. "ಮಾತಾಡ್ಸಿ ಹೋಗಾಣ ಅಂತ ಬಂದೆ."

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಮಾಸ್ತರು ಬಾಯಿ ಮುಕ್ಕಳಿಸುವುದನ್ನೂ ಮರೆತು ಓಡಿ ಬಂದರು. ಊರು ಮುಳುಗಿದ ಮೇಲೆ ಯಾರನ್ನು ಕೇಳಬೇಕೆಂದೇ ತಿಳಿಯಲಿಲ್ಲ ಎಂದು ತಡವರಿಸಿದರು.

"ಊರು ಮುಳುಗ್ತು ಮಾಸ್ತ್ರೆ. ನಾವೇನು ಮುಳುಗ್ಲಿಲ್ಲ."

ಕೆರಿಯಮ್ಮನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ನಿಟ್ಟೂರಿನ ಹತ್ತಿರ ತಂಗಿಯ ಮಗಳ ಮನೆಯಲ್ಲಿ ಇದ್ದಾಳಂತೆ. ನೆರೆಯ ಹೆಂಗಸರು ಹೊರಟಿದ್ದರೆಂದು ಅವಳೂ ಬಸ್ಸು ಹತ್ತಿದ್ದಳು. ಅವಳು ಯಾರ ಹೆಂಡತಿಯೆಂದು ಆ ಸುತ್ತಿನ ಹೆಂಗಸರಿಗೆಲ್ಲ ಗೊತ್ತಿತ್ತು. ಕನ್ನಮ್ಮ ಚಾಪೆ ಹಾಸಿ ಕೂರಿಸಿದಳು. ಆ ಕ್ಯಾಲೆಂಡರಿನ ಚಿತ್ರದ ಸಂಗತಿಯನ್ನು ಹೇಗೆ ಕೇಳುವುದೆಂದು ಅವಳು ತೊಳಲುತ್ತಿರುವಾಗ ಕೆರಿಯಮ್ಮ ತಾನಾಗಿಯೇ ಹೇಳಿದಳು.

"ಜ್ವರ ಬಂದಿತ್ತು ಅಷ್ಟೆ. ಕಿಟಕಿ ಹತ್ರ ಮಲಗಿದ್ದೆ. ಅಲ್ಲಾಡ್ಬೇಡ ಅಂದ್ರು, ಅಲ್ಲಾಡ್ಲಿಲ್ಲ. ಜ್ವರ ಬಿಟ್ಟು ಎದ್ದು ನೋಡ್ತೀನಿ, ಅವ್ರಿಲ್ಲ. ಚಿತ್ರಾನೂ ಇಲ್ಲ."

ಮೂಲೆಯಲ್ಲಿ ಸುತ್ತಿಟ್ಟಿದ್ದ ಪರದೆಯ ಕಡೆಗೆ ಕೆರಿಯಮ್ಮ ನೋಡಿದಳು. ನಿನ್ನೆ ತಾನು ಕನ್ನಮ್ಮನನ್ನು ಅಷ್ಟಾಗಿ ನೋಡಲೇ ಇಲ್ಲವೆಂದೂ, ಹಿಂದಿನ ಆ ದಾರಿಯನ್ನೇ ನೋಡುತ್ತಿದ್ದೆನೆಂದೂ ಹೇಳಿ ನಕ್ಕಳು. ಅದು ಅವರ ಊರಿನ ದಾರಿ. ಪರದೆಯಲ್ಲಿ ತಿರುವಿನವರೆಗೆ ಮಾತ್ರ ಇದೆ; ತಿರುವು ದಾಟಿದರೆ ಅವರ ಮನೆ.

"ಸಾಯ್ಸಿದ್ದಕ್ಕೆ ನಂಗೆ ಬೇಜಾರಿಲ್ಲ ತಂಗಿ," ಎಂದಳು ಆಮೇಲೆ. "ಮುತ್ತೈದೆ ಮಾಡಿ ಸಾಯ್ಸಿದ್ರಿ. ನಂಗೆ ಸಿಗದೇ ಇದ್ದದ್ದು ಅದು, ನಿಂಗಾರೂ ಸಿಕ್ತು. ಆದ್ರೆ ಅವ್ರ ಹೆಸರು ಹೇಳ್ಸಿದ್ರಲ್ಲ ನನ್ ಕೈಲಿ."

ಕನ್ನಮ್ಮನಿಗೆ ಮೊದಲು ಅರ್ಥವಾಗಲಿಲ್ಲ.

"ಒಂದಿನ ನನ್ ಬಾಯಲ್ಲಿ ಬಂದಿಲ್ಲ ಅದು. ತಲೆಗೆ ಮುಡಿಯೋದ್ನ ಕೂಡ ನಾನು ಮುಡಿಯೋದು ಅಂತ್ಲೇ ಅನ್ನೋದು, ಹೆಸರು ಬಾಯಿಗೆ ಬತ್ತದೆ ಅಂತ. ಮುಳುಗಡೆ ಪರಿಹಾರದ ಆಫೀಸಿನಾಗೆ ಗಂಡನ ಹೆಸರು ಹೇಳು ಅಂದ ಆ ಗುಮಾಸ್ತ. ಹೇಳ್ಲಿಲ್ಲ. ಬೈದ. ಕಡೆಗೆ ಪಕ್ಕದೋಳ ತಲೆಲಿ ಇದ್ದದ್ದನ್ನ ಬೆರಳು ಮಾಡಿ ತೋರಿಸ್ದೆ. ಅವ್ನು ಮಲ್ಲಿಗೆಪ್ಪ ಅಂತ ಬರ್ಕೊಂಡ." ಕೆರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಈಗ್ಲೂ ಸರ್ಕಾರದ ಲೆಕ್ಕದಾಗೆ ನನ್ ಗಂಡ ಮಲ್ಲಿಗೆಪ್ಪನೇ."

ಕನ್ನಮ್ಮನೂ ನಕ್ಕಳು. ನಗು ನಿಂತ ಮೇಲೆ ಕೆರಿಯಮ್ಮ ಅವಳ ಮೊಣಕೈ ಹಿಡಿದುಕೊಂಡಳು.

"ಊರವ್ರೆಲ್ಲ ನನ್ ಮುಖ ನೋಡಿದ್ರು. ಅವ್ರು ಬಿಟ್ಟು ಹೋದಾಗ್ಲೂ ನಾನು ಅಷ್ಟು ನಾಚಿರ್ಲಿಲ್ಲ. ಅದೊಂದು ಕೂಗ್ಬೇಡ. ಬೇರೆ ಎಂತ ಬೇಕಾದ್ರೂ ಮಾಡು."

"ನೋಡ್ತೀನಮ್ಮ," ಎಂದಳು ಕನ್ನಮ್ಮ. ಅದಕ್ಕಿಂತ ಹೆಚ್ಚಿನ ಮಾತು ಕೊಡಲು ಅವಳಿಗೆ ಧೈರ್ಯ ಬರಲಿಲ್ಲ.

ಮುಂದಿನ ಆಟ ತೀರ್ಥಹಳ್ಳಿಯಲ್ಲಿ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಮಾಸ್ತರು ದಾರಿಯುದ್ದಕ್ಕೂ ಅದನ್ನೇ ಮಾತಾಡಿದರು. ತಪ್ಪಾದದ್ದು ನಿಜ. ಆ ಹೆಂಗಸಿನ ಬಗ್ಗೆ ಅವರಿಗೂ ಸಂಕಟವಿದೆ. ಹಾಗೆಂದು ನಾಟಕವನ್ನು ಕೆಡಿಸಲಾಗುತ್ತದೆಯೇ? ತೀರ್ಥಹಳ್ಳಿಗೆ ಶಿವಮೊಗ್ಗದಿಂದ, ಮೈಸೂರಿನಿಂದ ನಾಟಕ ಸಂಘದವರು ಬರುತ್ತಾರೆ. ಸಾಗರದ ಆಟದ ಸುದ್ದಿ ಕೇಳಿ ಆ ಮೂರು ಕೂಗಿಗೆಂದೇ ಬರುವವರು. ಅವರಿಗೆ ಹಿಡಿಸಿದರೆ ಬೇಸಗೆಯೆಲ್ಲ ಊರೂರಿನಲ್ಲಿ ಆಟ. ಹಿಡಿಸದಿದ್ದರೆ ಇದೇ ಕೊನೆ.

"ನಂಗೆ ಶಾಲೆ ಇದೆ, ಭೂತಪ್ಪಂಗೆ ಬಾಮೈದ ಇದಾನೆ," ಎಂದರು ಮಾಸ್ತರು ಕೊನೆಗೆ, ಕಿಟಕಿಯ ಹೊರಗೆ ನೋಡುತ್ತ. "ನಿಮ್ಮ ಬಗ್ಗೆ ಯೋಚ್ನೆ ಮಾಡಿ ಹೇಳ್ತಿದೀನಿ ಕನ್ನಮ್ಮ."

ಅದು ನಿಜವಾಗಿತ್ತು.

ರಂಗದ ಮೇಲೆ ಅವಳು ಕೂಗದ ಗಂಡಸಿನ ಹೆಸರಿಲ್ಲ. ರಾಜರನ್ನು ಕೂಗಿದ್ದಾಳೆ, ಋಷಿಗಳನ್ನು ಕೂಗಿದ್ದಾಳೆ, ಕಳ್ಳರನ್ನೂ. ರಂಗದ ಆಚೆ ಅವಳಿಗೆಂದು ಇದ್ದವರು ಒಬ್ಬರೇ, ಕಂಪನಿಯ ಯಜಮಾನರು. ಎಲ್ಲರ ಬಾಯಲ್ಲೂ ಯಜಮಾನರು, ಅವಳ ಬಾಯಲ್ಲೂ ಅಷ್ಟೇ. ಅವರು ಸತ್ತಾಗ ಹೆಂಡತಿ ಮಕ್ಕಳು ಬಂದು ಹೆಣವನ್ನು ಊರಿಗೆ ಸಾಗಿಸಿದರು. ಕನ್ನಮ್ಮ ಅಡುಗೆಯವರ ಜೊತೆ ದೂರದಲ್ಲಿ ನಿಂತಿದ್ದಳು. ಹೇಳದೆ ಇಟ್ಟುಕೊಳ್ಳುವುದಕ್ಕೂ ತನ್ನದೆಂಬ ಒಂದು ಹೆಸರು ಬೇಕು. ಕೆರಿಯಮ್ಮನಿಗೆ ಊರು ಹೋಗಿತ್ತು, ಮನೆ ಹೋಗಿತ್ತು, ಗಂಡ ಯಾವತ್ತೋ ಹೋಗಿದ್ದ. ಬಾಯೊಳಗೆ ಅದೊಂದು ಉಳಿದಿತ್ತು. ಅದನ್ನು ಕನ್ನಮ್ಮ ಊರ ಮುಂದೆ ಮೂರು ಸಲ ಹೊರಗೆಳೆದು ಚೆಲ್ಲಿದ್ದಳು.

ತೀರ್ಥಹಳ್ಳಿಯಲ್ಲಿ ಸಭೆ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಸಂಘದವರು ಕೂತಿದ್ದರು. ಕನ್ನಮ್ಮ ಉತ್ತರೀಯ ಹೊದ್ದು ಕುಂಚ ಹಿಡಿದು ಮುಂಬಯಿಯ ಬೀದಿ ಸುತ್ತಿದಾಗ ಅವರಲ್ಲೊಬ್ಬರು ತೊಡೆ ತಟ್ಟಿ ಮೆಚ್ಚಿದ್ದು ಅವಳಿಗೆ ಕೇಳಿಸಿತು. ಕೊನೆಯ ದೃಶ್ಯಕ್ಕೆ ಅವಳು ಸೆರಗು ಹೊದ್ದು, ಹಣೆ ತುಂಬ ಕುಂಕುಮವಿಟ್ಟು, ಮುಡಿಯಲ್ಲಿ ಮಲ್ಲಿಗೆ ದಂಡೆಯೊಂದಿಗೆ ಚಾಪೆಯ ಮೇಲೆ ಮಲಗಿದಳು. ಆಚೆಗೆ ಹೂವಪ್ಪ ಕೂರುತ್ತಿದ್ದ ಸ್ಟೂಲು, ಅದರ ಹಿಂದೆ ತಿರುವಿನವರೆಗೆ ಹೋಗಿ ನಿಲ್ಲುವ ಕಾಡುದಾರಿ.

ಜ್ವರದ ಮಾತುಗಳು ಮುಗಿದವು. ಅವಳು ಮೊಣಕೈ ಊರಿ ಎದ್ದಳು. ಬಾಯಿ ತೆರೆದಳು. ಸಭೆ ಉಸಿರು ಹಿಡಿಯಿತು.

ಅವಳು ಹಾಗೆಯೇ ಇದ್ದಳು.

ಮಾತು ಮರೆತುಹೋಯಿತೆಂದು ತಿಳಿದು ಮಾಸ್ತರು ಪಕ್ಕದಿಂದ ಪಿಸುಗುಟ್ಟಿದರು, "ಹೂವಪ್ಪಾ." ಮತ್ತೆ ಸ್ವಲ್ಪ ಜೋರಾಗಿ. ಮುಂದಿನ ಸಾಲಿಗೂ ಕೇಳಿ ಯಾರೋ ಕಿಸಕ್ಕೆಂದರು. ಅವಳಿಗೆ ಮಾಸ್ತರ ಮುಖ ಕಾಣುತ್ತಿತ್ತು. ಸಿಟ್ಟಿರಲಿಲ್ಲ ಅದರಲ್ಲಿ, ದಯವಿಟ್ಟು ಹೇಳಿ ಎಂಬಂತಿತ್ತು. ಇನ್ನೂ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ.

ಅವಳ ಕೈ ಮುಡಿಗೆ ಹೋಯಿತು. ದಂಡೆಯನ್ನು ಎಳೆದು ತೆಗೆದು ಖಾಲಿ ಸ್ಟೂಲಿನ ಕಡೆಗೆ ಹಿಡಿದಳು. ತೋಳು ಸೋಲುವವರೆಗೂ ಹಿಡಿದಿದ್ದು, ಆಮೇಲೆ ತಲೆಯನ್ನು ಚಾಪೆಗೆ ಇಳಿಸಿ ಸತ್ತಳು.

ಸಭೆಯಲ್ಲಿ ಯಾರೋ ಕೆಮ್ಮಿದರು. ಮುಂದೇನೋ ಇದೆಯೆಂದು ಜನ ಕಾದರು. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಬಸ್ಸೊಂದು ಹಾರನ್ ಮಾಡಿತು. ಅದೇ ನೆಪವಾಗಿ ಹಿಂದಿನ ಸಾಲುಗಳಲ್ಲಿ ಕೆಲವರು ಎದ್ದು, ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಹೆಂಗಸರ ಕಡೆ ಒಬ್ಬ ಮುದುಕಿ ಮಾತ್ರ ಎದ್ದವಳು ನಿಂತೇ ಇದ್ದಳು, ಕೈ ತನ್ನ ತುರುಬಿನ ಮೇಲೆ.

ಕನ್ನಮ್ಮ ರೆಪ್ಪೆಯ ಸಂದಿಯಿಂದ ಕುರ್ಚಿಗಳು ಖಾಲಿಯಾಗುವುದನ್ನು ನೋಡುತ್ತ ಮಲಗಿದ್ದಳು. ಬೆರಳಿನ ನಡುವೆ ಮಲ್ಲಿಗೆ ತಣ್ಣಗಿತ್ತು. ಪಕ್ಕದಲ್ಲಿ ಭೂತಪ್ಪ ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು, ಹೆಸರಿಗಾಗಿ ಕಿವಿಗೊಟ್ಟು ಇನ್ನೂ ಕಾಯುತ್ತಿದ್ದ.