ಕತ್ತಲೆ ಕೋಣೆಯ ಬಾಗಿಲಲ್ಲಿ

ಪರಊರಿನ ಆಸ್ಪತ್ರೆಯಲ್ಲಿ ಆಗಬೇಕಿದ್ದ ಅಕ್ಕನ ಮಂಡಿಯ ಆಪರೇಷನ್ ಒಂದು ದಿನ ಮುಂದಕ್ಕೆ ಹೋಯಿತು. ಲಾಡ್ಜಿನಲ್ಲಿ ಗೋಡೆ ನೋಡುತ್ತ ಕೂರುವ ಜಾಯಮಾನ ಅವಳದಲ್ಲ. ಮೂವತ್ತು ವರ್ಷ ಹೊಲಿಗೆ ಮಷೀನಿನ ಮುಂದೆ ಕೂತು ಸಾಕಾಗಿತ್ತು.

"ಈ ಊರಿನ ಕೆಟ್ಟ ಜಾಗಗಳನ್ನೆಲ್ಲ ತೋರಿಸೋ. ಒಳ್ಳೇ ಜಾಗ ಎಲ್ಲಾ ಕಡೆ ಇರತ್ತೆ," ಎಂದಳು ತಮ್ಮನಿಗೆ.

ತಮ್ಮ ಬಸ್ ಕಂಡಕ್ಟರ್. ದಾರಿ ಕೇಳಲು ಅವನಿಗೆ ಸಂಕೋಚವಿಲ್ಲ. ಹಿಂದೆ ನೇಣು ಹಾಕುತ್ತಿದ್ದ ಚೌಕಕ್ಕೆ ಹೋದರು; ಅಲ್ಲೀಗ ಬರೀ ಪಾರಿವಾಳ. ಮೂವರು ಗಂಡಂದಿರಿಗೆ ವಿಷ ಹಾಕಿದವಳ ಮನೆ ನೋಡಿದರು. ಕೆಳಗೆ ಟೈರ್ ಅಂಗಡಿ.

"ಮೂವರಾ! ಒಬ್ಬನ್ನ ಸಂಭಾಳಿಸೋದ್ರಲ್ಲೇ ನನ್ನ ಮಂಡಿ ಸವೆದುಹೋಯ್ತು," ಎಂದು ಅಕ್ಕ ನಕ್ಕಳು.

ಮಧ್ಯಾಹ್ನ ಹಳೇ ಜೈಲಿಗೆ ಬಂದರು. ಗೈಡ್ ಕತ್ತಲೆ ಕೋಣೆಯ ಬಾಗಿಲು ತೆರೆದು, "ಒಂದೇ ನಿಮಿಷ ಒಳಗಿರಿ, ಬಾಗಿಲು ಹಾಕ್ತೀನಿ. ಬಂದವರೆಲ್ಲ ಇಷ್ಟಪಡ್ತಾರೆ," ಎಂದ. ತಮ್ಮ ತಮಾಷೆಗೆ ಅಕ್ಕನನ್ನು ಮುಂದಕ್ಕೆ ದೂಡಿದ. ಅವಳು ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ.

ತಮ್ಮ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ.

"ನಮ್ಮನೆ ಮೆಟ್ಟಿಲ ಕೆಳಗಿನ ಕೋಣೆ ನೆನಪಾಯ್ತು ಕಣೋ," ಎಂದಳು.

ಅವನಿಗೂ ಅದೇ ನೆನಪಾಗಿತ್ತು. ಅವರಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಗಿರಾಕಿಯೊಬ್ಬರ ಗೋಡೆ ಗಡಿಯಾರವನ್ನು ಒಡೆದವನು ಆಗ ಒಂಬತ್ತು ವರ್ಷದವನಾಗಿದ್ದ ಇವನು; ಬೆರಳು ತೋರಿಸಿದ್ದು ಅಕ್ಕನ ಕಡೆಗೆ. ನಾನಲ್ಲ ಎಂದದ್ದಕ್ಕೆ ಸುಳ್ಳುಗಾತಿ ಎನಿಸಿಕೊಂಡು ಅವಳು ಸಂಜೆಯವರೆಗೂ ಅಪ್ಪ ಚಿಲಕ ಹಾಕಿದ ಆ ಕೋಣೆಯಲ್ಲಿದ್ದಳು.

"ನೀನು ಸುಳ್ಳು ಹೇಳಿದ್ದು ಬಿಡು, ಮಗು ನೀನು," ಎಂದಳು ಅಕ್ಕ. "ಬಾಗಿಲು ಬಡಿದು ಬಡಿದು ಕೈ ಊದಿತ್ತು. ಅಪ್ಪ ರೇಡಿಯೋ ಜೋರು ಮಾಡಿದ್ರು ನೋಡು, ಅದನ್ನ ಮಾತ್ರ ಮರೆಯೋಕೆ ಆಗಲಿಲ್ಲ. ಅದಕ್ಕೇ ನಾನು ಅವರ ಕೊನೇಗಾಲದಲ್ಲೂ ನೋಡೋಕೆ ಬರಲಿಲ್ಲ."

ತಮ್ಮ ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ನಲವತ್ತು ವರ್ಷ ಸುಮ್ಮನಿದ್ದವನು.

"ಅಕ್ಕ, ಅಪ್ಪ ಆಗ ಮನೇಲೇ ಇರಲಿಲ್ಲ. ಗಿರಾಕಿ ಹತ್ರ ಕ್ಷಮೆ ಕೇಳೋಕೆ ಹೋಗಿದ್ರು. ರೇಡಿಯೋ ಜೋರು ಮಾಡಿದ್ದು ನಾನು. ನಿನ್ನ ಅಳು ಕೇಳೋಕಾಗ್ತಿರಲಿಲ್ಲ."

ಅಕ್ಕ ಅವನನ್ನೇ ನೋಡಿದಳು.

"ಕೊನೇಲಿ ಆಸ್ಪತ್ರೇಲಿ ಅಪ್ಪ ನನ್ನ ಕೇಳಿದ್ರಾ?"

"ದಿನಾ ಕೇಳೋರು."

"ಆವಾಗಾದ್ರೂ ಹೇಳಬಾರದಿತ್ತೇನೋ? ಒಂದು ಫೋನು!"

"ಹೇಳಿದ್ರೆ ನೀನು ನನ್ನ ಜೊತೆ ಮಾತು ಬಿಡ್ತೀಯ ಅಂತ ಹೆದರಿದೆ."

ಅವಳು ಎದ್ದು ಕುಂಟುತ್ತ ಒಬ್ಬಳೇ ಗೇಟು ದಾಟಿ ಆಟೋ ಹತ್ತಿದಳು. ಅವನು ಹತ್ತಲಿಲ್ಲ, ಲಾಡ್ಜಿನವರೆಗೂ ನಡೆದೇ ಹೋದ. ರೂಮಿನಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಮರುದಿನ ಬೆಳಿಗ್ಗೆ ನರ್ಸ್ ಕಾಗದ ಹಿಡಿದು, "ಜೊತೆಗೆ ಯಾರಿದಾರೆ?" ಎಂದಳು.

"ತಮ್ಮ," ಎಂದಳು ಅಕ್ಕ, ಅವನತ್ತ ತಿರುಗದೆ.

ಅವನು ಸಹಿ ಹಾಕಿದ. ಸ್ಟ್ರೆಚರ್ ಹೊರಟಾಗ ಅಂಚು ಹಿಡಿದು ಜೊತೆಗೇ ನಡೆದ. ಆಪರೇಷನ್ ಕೋಣೆಯ ಬಾಗಿಲಲ್ಲಿ ಅಕ್ಕ ಕಣ್ಣು ತೆರೆದಳು.

"ನಂಗಿನ್ನೂ ಸಿಟ್ಟಿದೆ. ಎದ್ದ ಮೇಲೆ ಅಪ್ಪ ಕೊನೇಲಿ ಏನೇನು ಅಂದ್ರು, ಒಂದೂ ಬಿಡದೆ ಹೇಳಬೇಕು. ಎಲ್ಲೂ ಹೋಗಬೇಡ."

"ಹೋಗಲ್ಲ ಅಕ್ಕ," ಎಂದ ತಮ್ಮ.