ಇಪ್ಪತ್ತೈದನೇ ಪಂದ್ಯ

ಬೆಳಗ್ಗೆ ಒಂಬತ್ತಕ್ಕೆ ಕಾರ್ಯದರ್ಶಿ ಚಿಕಿತ್ಸೆಯ ಕೋಣೆಗೆ ಬಂದಾಗ ಅವನ ಹೆಂಡತಿ ಆಟಗಾರನೊಬ್ಬನ ಬಲಮಂಡಿಯನ್ನು ಮಡಿಸಿ, ಬಿಡಿಸಿ ನೋಡುತ್ತಿದ್ದಳು. ಅವಳು ಆ ಫುಟ್‌ಬಾಲ್ ಕ್ಲಬ್ಬಿನ ಫಿಸಿಯೋ. ಗಂಡ ಹೆಂಡತಿ ಇಬ್ಬರಿಗೂ ಹನ್ನೆರಡು ವರ್ಷದಿಂದ ಅನ್ನ ಹಾಕುತ್ತಿದ್ದುದು ಒಂದೇ ಕ್ಲಬ್ಬು.

"ಸಾರ್, ನೋಡಿ ಇಲ್ಲಿ," ಎಂದು ಆಟಗಾರ ಮೇಜಿನಿಂದಿಳಿದು ಎರಡು ಬಸ್ಕಿ ಹೊಡೆದ. "ಚೂರೂ ನೋವಿಲ್ಲ. ಮೇಡಂ ಕೈಗುಣ."

"ಸಂತೋಷಪ್ಪ," ಎಂದ ಕಾರ್ಯದರ್ಶಿ. ಮುಖ ಮಾತ್ರ ಹರಳೆಣ್ಣೆ ಕುಡಿದವರದ್ದಾಗಿತ್ತು.

ಜನ ಆ ಆಟಗಾರನನ್ನು 'ಕುದುರೆ' ಎನ್ನುತ್ತಿದ್ದರು. ಆಫೀಸಿನವರು ಬಾಗಿಲು ಹಾಕಿಕೊಂಡು 'ಕಂತಿನ ಕುದುರೆ' ಎನ್ನುತ್ತಿದ್ದರು. ಅವನು ಶಿಳ್ಳೆ ಹಾಕುತ್ತ ಹೊರಗೆ ಹೋದ ಮೇಲೆ ಕಾರ್ಯದರ್ಶಿ ಬಾಗಿಲು ಮುಚ್ಚಿದ.

"ಇವತ್ತಿನ ಚೀಟೀಲಿ ಅವನ ಹೆಸರು ಬರೆದುಬಿಡೇ."

ಪಂದ್ಯದ ದಿನ ಯಾರು ಆಡಕೂಡದು ಎಂದು ಫಿಸಿಯೋ ಚೀಟಿ ಬರೆಯುವುದು ಅಲ್ಲಿಯ ಪದ್ಧತಿ. ಆ ಚೀಟಿಯಲ್ಲಿ ಹೆಸರಿದ್ದವನನ್ನು ಕೋಚ್ ಮುಟ್ಟುತ್ತಿರಲಿಲ್ಲ.

"ಯಾಕೆ? ಮಂಡಿ ಕಲ್ಲಿನ ಹಾಗಿದೆ."

"ಅದೇ ತೊಂದರೆ."

ಅವನು ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಹೇಳಿದ. ಕುದುರೆಯನ್ನು ಅವನ ಹಳೆಯ ಕ್ಲಬ್ಬಿನಿಂದ ಕೊಳ್ಳಲು ಇವರ ಕ್ಲಬ್ಬಿನಲ್ಲಿ ಪೂರ್ತಿ ದುಡ್ಡಿರಲಿಲ್ಲ. ಸ್ವಲ್ಪ ಮುಂಗಡ ಕೊಟ್ಟು, ಅವನು ಯಾವ ವರ್ಷ ಇಪ್ಪತ್ತೈದು ಪಂದ್ಯ ಆಡುತ್ತಾನೋ ಆ ವರ್ಷ ಒಂದು ಕೋಟಿಯ ಕಂತು ಕಟ್ಟುವುದು ಎಂದು ಒಪ್ಪಂದವಾಗಿತ್ತು. ಹೀಗೆ ಮೂರು ವರ್ಷ. ಆ ಮಾತನ್ನು ಪತ್ರದಲ್ಲಿ ಸೇರಿಸಿದವನು ಕಾರ್ಯದರ್ಶಿಯೇ. ಕುದುರೆಯ ಮಂಡಿ ಊರಿಗೆಲ್ಲ ಗೊತ್ತಿದ್ದ ಮಂಡಿ. ಹಿಂದಿನ ನಾಲ್ಕು ವರ್ಷಗಳಲ್ಲಿ ಯಾವ ವರ್ಷವೂ ಅವನು ಹದಿನೆಂಟು ಪಂದ್ಯ ದಾಟಿದ್ದೇ ಇಲ್ಲ. ಓಡಿದಷ್ಟು ಓಡಲಿ, ಕುಂಟಿದರೆ ಕಂತು ಉಳಿಯಿತು ಎಂಬ ಲೆಕ್ಕ. ಈಗ ಇಪ್ಪತ್ತನಾಲ್ಕಾಗಿತ್ತು. ಇವತ್ತು ವರ್ಷದ ಕೊನೆಯ ಪಂದ್ಯ. ಒಂದು ನಿಮಿಷ ಅಂಗಳಕ್ಕೆ ಇಳಿದರೂ ಲೆಕ್ಕಕ್ಕೆ ಬರುತ್ತಿತ್ತು. ಹದಿನೈದು ದಿನದಲ್ಲಿ ಕೋಟಿ ಕಟ್ಟಬೇಕಿತ್ತು.

"ಅಂದ್ರೆ ಅವನು ಕುಂಟಲಿ ಅಂತ ನೀವು, ಕುಂಟದೇ ಇರಲಿ ಅಂತ ನಾನು," ಎಂದಳು ಅವಳು. "ಚೆನ್ನಾಗಿದೆ ಸಂಸಾರ. ಕಟ್ಟದಿದ್ರೆ?"

ಅವನು ಗೋಡೆಯ ಮೇಲಿನ ಎಲುಬುಗೂಡಿನ ಚಿತ್ರ ನೋಡಿದ.

"ರೀ, ಕಟ್ಟದಿದ್ರೆ?"

"ನಮ್ಮ ಮನೆ ಹೋಗುತ್ತೆ. ಅವನ ಹಳೇ ಕ್ಲಬ್ಬಿನವರು ಭದ್ರತೆ ಕೇಳಿದ್ರು. ಭಾವನ ಮನೆ ಆಗಲೇ ಸ್ಟೇಡಿಯಂ ಚಾವಣಿ ಸಾಲಕ್ಕೆ ಅಡ ಇತ್ತು."

ಅವಳು ಟವೆಲನ್ನು ನಾಲ್ಕು ಮಡಿಕೆ ಮಾಡಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

"ಇಪ್ಪತ್ತಾರು ವರ್ಷ ಆಯ್ತು ಮದುವೆಯಾಗಿ. ಹಾಲು ತರೋಕೆ ಹೋದ್ರೂ ಹೇಳಿ ಹೋಗೋರು ನೀವು. ಮನೆ ಅಡ ಇಡೋಕೆ ಹೇಳ್ಲಿಲ್ವಲ್ಲ!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಬಂದವನು ಭಾವ, ಕ್ಲಬ್ಬಿನ ಅಧ್ಯಕ್ಷ, ಕಾರ್ಯದರ್ಶಿಯ ಅಕ್ಕನ ಗಂಡ. ಅವನು ಎಲ್ಲಿಗೆ ಬಂದರೂ ಮದುವೆ ಮನೆಗೆ ಬಂದಂತೆ ಬರುತ್ತಿದ್ದ.

"ಏನಮ್ಮಾ, ಗಂಡನಿಗೆ ಮಂಗಳಾರತಿನಾ? ಆಗಲಿ, ಆಗಲಿ. ನಾನೊಂದು ದಾರಿ ಯೋಚಿಸಿದ್ದೀನಿ. ಇವತ್ತು ಡ್ರಾ ಆದ್ರೂ ಸಾಕು, ನಾವು ಈ ಲೀಗಲ್ಲೇ ಉಳೀತೀವಿ. ಕುದುರೇನ ಬೆಂಚಲ್ಲಿ ಕೂರ್ಸೋದು. ಅವನಿಲ್ದೇ ಕೆಲಸ ಆದ್ರೆ ಕೋಟಿ ಉಳೀತು. ಆಗದಿದ್ರೆ..."

"ಆಗದಿದ್ರೆ ಹೋಗೋದು ನಮ್ಮ ಮನೆ ತಾನೇ ಅಣ್ಣಾ?" ಎಂದಳು ಅವಳು.

ಭಾವ ನಕ್ಕ. "ಕೆಳಗಿನ ಲೀಗಿಗೆ ಬಿದ್ರೆ ಟೀವಿ ದುಡ್ಡು ನಿಲ್ಲುತ್ತೆ ತಾಯಿ. ಆಮೇಲೆ ನಿಮ್ಮಿಬ್ಬರ ಸಂಬಳ ಯಾರು ಕೊಡ್ತಾರೆ? ಗೇಟಿನವನಿಂದ ಹಿಡಿದು ಬಟ್ಟೆ ಒಗೆಯೋಳ ತನಕ ನಲವತ್ತು ಜನ. ಕೋಚ್‌ಗೆ ಕಂತಿನ ವಿಷಯ ಗೊತ್ತಿಲ್ಲ, ಅವನ ಬಾಯಿ ತೂತುಮಡಕೆ. ಮಂಡಿ ಸ್ವಲ್ಪ ಅನುಮಾನ, ಕೊನೇ ಮಾತು ಫಿಸಿಯೋದು ಅಂತ ಹೇಳಿದ್ದೀನಿ."

ಹೀಗೆ ಹಾವನ್ನು ಅವಳ ಕೈಗೆ ಕೊಟ್ಟು ಅವನು ಅತಿಥಿಗಳನ್ನು ಎದುರುಗೊಳ್ಳಲು ಹೋದ.

ಮಧ್ಯಾಹ್ನದ ಪಂದ್ಯ. ಅವಳ ಚೀಟಿಯಲ್ಲಿ ಕುದುರೆಯ ಹೆಸರಿರಲಿಲ್ಲ; ಕೋಚ್ ಅವನನ್ನು ಬೆಂಚಿನಲ್ಲಿ ಕೂರಿಸಿದ್ದ. ಮುಗಿಯಲು ಹನ್ನೆರಡು ನಿಮಿಷವಿದ್ದಾಗ ಎದುರು ತಂಡದ್ದು ಒಂದು ಗೋಲು, ಇವರದ್ದು ಸೊನ್ನೆ. ಗ್ಯಾಲರಿಯ ಜನ "ಕುದುರೆ! ಕುದುರೆ!" ಎಂದು ಕಬ್ಬಿಣದ ಶೀಟು ಬಡಿಯುತ್ತಿದ್ದರು. ಕಾರ್ಯದರ್ಶಿ ಬೆಂಚಿನ ತುದಿಯಲ್ಲಿ ಕೂತಿದ್ದ. ಬದಲಿ ಆಟಗಾರನ ನಂಬರನ್ನು ಚೀಟಿಯಲ್ಲಿ ಬರೆದು ಅಧಿಕಾರಿಗೆ ಕೊಡುವುದು ಅವನ ಕೆಲಸ.

ಕೋಚ್ ತಿರುಗಿ ನೋಡಿದ. "ಅಮ್ಮಾ, ಮಂಡಿ ಹೇಗಿದೆ ಹೇಳಿಬಿಡಿ."

ಅವಳು ಕುದುರೆಯನ್ನು ನೋಡಿದಳು. ಅವನು ಎರಡೂ ಕೈಯಲ್ಲಿ ಮಂಡಿ ಹಿಡಿದು ಕೂತಿದ್ದ.

"ಮೇಡಂ, ಕೆಟ್ಟುಹೋಗಿದೆಯಾ?" ಎಂದು ಮೆಲ್ಲಗೆ ಕೇಳಿದ. "ಬೆಳಗ್ಗೆ ನನ್ನಿಂದ ಏನೋ ಮುಚ್ಚಿಟ್ರಿ ಅಲ್ವಾ? ಎಲ್ಲರೂ ಆಸ್ಪತ್ರೇಲಿ ರೋಗೀನ ನೋಡೋ ಹಾಗೆ ನೋಡ್ತಿದ್ದಾರೆ. ಈಗ ನನಗೂ ನೋವು ಅನ್ನಿಸ್ತಿದೆ."

ಅವಳು ಅವನ ಮುಂದೆ ಕೂತು, ಮಂಡಿಚಿಪ್ಪಿನ ಸುತ್ತ ಹೆಬ್ಬೆರಳು ಆಡಿಸಿದಳು. ಒಂಬತ್ತು ತಿಂಗಳು ದಿನವೂ ಮುಟ್ಟಿದ್ದ ಮಂಡಿ. ಗಂಡನ ಕಡೆ ನೋಡಲಿಲ್ಲ.

"ಚೆನ್ನಾಗಿದೆ," ಎಂದಳು. "ನನ್ನ ಮಂಡಿಗಿಂತ ಚೆನ್ನಾಗಿದೆ. ಏಳು."

"ಚೀಟಿ!" ಎಂದು ಕೋಚ್ ಕೂಗಿದ.

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದ. ಅದು ಕೆಳಗೆ ಬಿತ್ತು, ಹುಡುಕಿದ. ಹುಡುಕಬೇಕಾದ್ದಿರಲಿಲ್ಲ. ಪೆನ್ನು ಬರೆಯುತ್ತಿಲ್ಲವೆಂಬಂತೆ ಅಂಗೈ ಮೇಲೆ ಗೀಚಿದ. ನೀಲಿ ಗೆರೆ ಮೂಡಿತು. ಹೀಗೇ ಇನ್ನು ಹತ್ತು ನಿಮಿಷ ತಳ್ಳಿದರೆ ಮನೆ ಉಳಿಯುತ್ತದೆ ಎಂದುಕೊಂಡ. ಮನೆ ಉಳಿಯುತ್ತದೆ, ಒಲೆ ಉರಿಯುವುದಿಲ್ಲ.

"ಏನ್ ಸಾರ್, ಲಗ್ನಪತ್ರಿಕೆ ಬರೀತಿದ್ದೀರಾ?" ಎಂದು ಕೋಚ್ ಅರಚಿದ.

ಕುದುರೆ ಗೆರೆಯ ಹತ್ತಿರ ನಿಂತು ಇವನನ್ನೇ ನೋಡುತ್ತಿದ್ದ. ಕಣ್ಣಲ್ಲಿ ಇನ್ನೂ ಅದೇ ಅನುಮಾನ. ಈ ಮನುಷ್ಯ ಎಂದಾದರೂ ಮುಗ್ಗರಿಸಲಿ ಎಂದು ಇಪ್ಪತ್ತನಾಲ್ಕು ಪಂದ್ಯಗಳಲ್ಲೂ ಕಾದು ಕೂತಿದ್ದು ಕಾರ್ಯದರ್ಶಿಗೆ ನೆನಪಾಯಿತು. ಅವನು ನಂಬರು ಬರೆದು ಕೊಟ್ಟ.

ಆಮೇಲೆ ಅವನು ಚೆಂಡನ್ನು ನೋಡಲಿಲ್ಲ. ಬಿಳಿ ಗೆರೆ ದಾಟಿದ ಬಲಗಾಲನ್ನಷ್ಟೇ ನೋಡಿದ. ಗ್ಯಾಲರಿ ಒಮ್ಮೆಲೇ ಸಿಡಿದಾಗ, ಗೋಲು ಯಾರದ್ದೆಂದು ಪಕ್ಕದವನನ್ನು ಕೇಳಬೇಕಾಯಿತು.

ಪಂದ್ಯ ಒಂದು-ಒಂದರಲ್ಲಿ ಮುಗಿಯಿತು. ಭಾವ ಓಡಿಬಂದು ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

"ಉಳಿದ್ವಿ ಕಣೋ! ಇನ್ನೊಬ್ಬನ್ನ ನೋಡಿಟ್ಟಿದ್ದೀನಿ. ಕುದುರೆಗೆ ಪಾಸ್ ಕೊಡೋಕೆ ಎಡಗಡೆ ಒಬ್ಬ ಬೇಕೇ ಬೇಕು."

"ಭಾವ, ಹದಿನೈದು ದಿನದಲ್ಲಿ ಕೋಟಿ."

"ಮುಂದಿನ ವರ್ಷದ ಟಿಕೆಟ್ ಈಗಲೇ ಮಾರೋಣ ಬಿಡೋ."

"ಅದನ್ನ ಹೋದ ವರ್ಷವೇ ಮಾರಿ ತಿಂದಿದ್ದೀವಿ."

"ಹಂಗಾದ್ರೆ ಅದರಾಚೆ ವರ್ಷದ್ದು," ಎಂದು ಅವನು ಫೋಟೋದವರ ಕಡೆ ಹೋದ.

ಚಿಕಿತ್ಸೆಯ ಕೋಣೆಯಲ್ಲಿ ಕುದುರೆ ಮೇಜಿನ ಮೇಲೆ ಕಾಲು ಚಾಚಿ ಮಲಗಿದ್ದ. ಯಾರೋ ಒದ್ದಿದ್ದರಿಂದ ಮಂಡಿ ಸ್ವಲ್ಪ ಊದಿತ್ತು. ಹೆಂಡತಿ ಐಸಿನ ಚೀಲವನ್ನು ಅದರ ಮೇಲಿಟ್ಟು, ಬಾಗಿಲಲ್ಲಿ ನಿಂತ ಗಂಡನನ್ನು ಕಂಡಳು. ಬೈಯಲಿಲ್ಲ.

"ನನ್ನ ಕೈ ಮರಗಟ್ಟಿದೆ. ಬಂದು ಹಿಡ್ಕೊಳ್ಳಿ."

ಅವನು ಹತ್ತಿರ ಹೋಗಿ ಐಸಿನ ಚೀಲವನ್ನು ಎರಡೂ ಕೈಯಿಂದ ಹಿಡಿದ.

"ಸಾರ್," ಎಂದ ಕುದುರೆ ಕಣ್ಣು ಮುಚ್ಚಿಕೊಂಡೇ, "ಹಿಂದೆ ಯಾರೂ ನನ್ನನ್ನ ಇಷ್ಟು ನಂಬಿರಲಿಲ್ಲ. ಬರೋ ವರ್ಷ ನೋಡ್ತಿರಿ, ಒಂದೇ ಒಂದು ಮ್ಯಾಚೂ ತಪ್ಪಿಸಲ್ಲ."

"ಆಗಲಪ್ಪ," ಎಂದ ಕಾರ್ಯದರ್ಶಿ.

"ಗಟ್ಟಿಯಾಗಿ ಹಿಡೀರಿ," ಎಂದಳು ಹೆಂಡತಿ. "ಊತ ಇಳೀಬೇಕು."

ಅವನು ಇನ್ನಷ್ಟು ಗಟ್ಟಿಯಾಗಿ ಹಿಡಿದ.