ಎರಡು ಬೆರಳೆತ್ತಿದ ಕೋಚ್

ಆರು ವರ್ಷ ತುಂಬುವವರೆಗೂ ಕೊರೀನ್ ತನ್ನ ಅಪ್ಪನ ಹೆಸರು ‘ಕೋಚ್’ ಎಂದೇ ನಂಬಿದ್ದಳು. ಅವಳ ತಪ್ಪೇನಿಲ್ಲ. ಪೈನ್‌ಹಿಲ್ ಊರಿನಲ್ಲಿ ಪಾದ್ರಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಯಾರೂ ಹಾರ್ಲನ್ ಟಿಡ್‌ವೆಲ್‌ರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅಮ್ಮ ನೇಡೀನ್ ಕೂಡ “ಕೋಚ್, ಕಸದ ಡಬ್ಬಿ ಹೊರಗಿಡಿ” ಎನ್ನುತ್ತಿದ್ದಳು.

ಪೈನ್‌ಹಿಲ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲಿನ ತಂಡಕ್ಕೆ, ‘ಆಮೆಗಳು’ ಎಂದು ಹೆಸರು. ಕೋಚ್ ಬರುವ ಮೊದಲು ಆ ಹೆಸರು ಅವರಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಅವರು ಬಂದು ಇಪ್ಪತ್ತೇಳು ವರ್ಷಗಳಲ್ಲಿ ಇನ್ನೂರ ಹನ್ನೊಂದು ಪಂದ್ಯ ಗೆಲ್ಲಿಸಿದರು. ಕ್ಷೌರದಂಗಡಿಯ ಗೋಡೆಯಲ್ಲಿ ಈಗ ಎರಡೇ ಫೋಟೋ, ಒಂದು ಏಸುವಿನದು, ಇನ್ನೊಂದು ಕೋಚ್‌ರದು. ಕೋಚ್‌ರದು ಸ್ವಲ್ಪ ದೊಡ್ಡದು.

ಗೆಲುವಿನ ಗುಟ್ಟೇನು ಎಂದು ಪತ್ರಿಕೆಯವರು ಕೇಳಿದರೆ “ಹುಷಾರು” ಎಂಬ ಒಂದೇ ಮಾತು. ಕೋಚ್ ಬೆಲ್ಟ್ ಕಟ್ಟಿದ ಪ್ಯಾಂಟಿಗೆ ಭುಜದ ಪಟ್ಟಿಯನ್ನೂ ಹಾಕುತ್ತಿದ್ದರು. ಸುಡುಬಿಸಿಲಲ್ಲೂ ಅವರ ಕಂಕುಳಲ್ಲಿ ಕೊಡೆ ಇರುತ್ತಿತ್ತು. ಆಟದಲ್ಲೂ ಹಾಗೆಯೇ. ಚೆಂಡನ್ನು ಗೆರೆ ದಾಟಿಸಿ ಆರು ಪಾಯಿಂಟ್ ಗಳಿಸಿದ ತಂಡದ ಮುಂದೆ ಎರಡು ದಾರಿ ಇರುತ್ತವೆ. ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಪಾಯಿಂಟ್; ಅದು ಹೆಚ್ಚುಕಮ್ಮಿ ಗ್ಯಾರಂಟಿ. ಇಲ್ಲವೆ ಇನ್ನೊಮ್ಮೆ ಗೆರೆಯತ್ತ ನುಗ್ಗಬೇಕು. ದಾಟಿದರೆ ಎರಡು, ಬಿದ್ದರೆ ಸೊನ್ನೆ. ಇಪ್ಪತ್ತೇಳು ವರ್ಷವೂ ಕೋಚ್ ಎತ್ತಿದ್ದು ಒಂದೇ ಬೆರಳು. ಕೊರೀನ್ ಹುಟ್ಟಿದ್ದು ಒಂದು ಪಂದ್ಯದ ಮಧ್ಯೆ. “ಕೋಚ್‌ಗೆ ಹೆಣ್ಣು ಮಗು!” ಎಂದು ಧ್ವನಿವರ್ಧಕ ಕೂಗಿದಾಗಲೂ ಅವರು ಆ ಬೆರಳನ್ನೇ ಎತ್ತಿದರು. ಒಂದು ಮಗು ಎಂದು ಜನ ಚಪ್ಪಾಳೆ ತಟ್ಟಿದರು. ಅವರು ಹೇಳಿದ್ದು ಒದೆಯುವ ಹುಡುಗನಿಗೆ.

ಆ ಊರಿನಲ್ಲಿ ಶರತ್ಕಾಲದ ಶನಿವಾರ, ಅಂದರೆ ಪಂದ್ಯದ ದಿನ, ಮದುವೆ ಇಟ್ಟುಕೊಳ್ಳುವುದೆಂದರೆ ಚರ್ಚಿನಲ್ಲಿ ಸಿಗರೇಟು ಹಚ್ಚಿದ ಹಾಗೆ. ಅದಕ್ಕೇ ಕೊರೀನ್ ಒಂದು ವರ್ಷ ಮೊದಲೇ ಪಂದ್ಯಪಟ್ಟಿ ನೋಡಿ, ತಂಡಕ್ಕೆ ಆಟವಿಲ್ಲದ ಒಂದೇ ಒಂದು ಶನಿವಾರವನ್ನು ಆರಿಸಿಕೊಂಡಿದ್ದಳು. ವರ ವೇಲನ್ ಪರ್ಸೆಲ್ ದನದ ಡಾಕ್ಟರು, ಬಲು ಸಾಧು. ಅವನ ಮೇಲಿದ್ದದ್ದು ಒಂದೇ ಕಳಂಕ, ಅವನು ಓದಿದ್ದು ಬ್ರಾಂಟ್ಲಿ ಕಾಲೇಜಿನಲ್ಲಿ. ಬ್ರಾಂಟ್ಲಿಯ ‘ಕೊಕ್ಕರೆಗಳು’ ಪೈನ್‌ಹಿಲ್‌ನ ತೊಂಬತ್ತು ವರ್ಷದ ವೈರಿಗಳು.

ಮದುವೆಗೆ ಮೂರು ವಾರ ಇರುವಾಗ ಕರಾವಳಿಯಲ್ಲಿ ಚಂಡಮಾರುತ ಎದ್ದಿತು. ಒಂದು ಪಂದ್ಯ ಮುಂದಕ್ಕೆ ಹೋಯಿತು. ಯಾವ ಪಂದ್ಯ? ಬ್ರಾಂಟ್ಲಿಯ ಪಂದ್ಯ. ಯಾವ ದಿನಕ್ಕೆ? ಮತ್ತೆ ಕೇಳಬೇಕೆ?

ಮರುದಿನ ಬೆಳಿಗ್ಗೆ ಕೋಚ್ ತಿಂಡಿಯ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳನ್ನು ಜೋಡಿಸಿ ಮಗಳನ್ನು ಕೂಗಿದರು.

“ನೋಡು ಮಗಳೇ, ಇದು ನೀನು. ಇದು ವೇಲನ್. ಈ ಜಾಮಿನ ಬಾಟ್ಲು ಪಾದ್ರಿ ಓಡಮ್. ಆಟದ ನಡುವೆ ಇಪ್ಪತ್ತು ನಿಮಿಷ ಬಿಡುವು ಇರುತ್ತೆ. ಮೈದಾನದ ಮಧ್ಯಕ್ಕೆ ನೀನು ಎಡಗಡೆಯಿಂದ ಬರ್ತೀಯ, ಅವನು ಬಲಗಡೆಯಿಂದ. ಬ್ಯಾಂಡು ಪುಕ್ಕಟೆ. ಹದಿನೆಂಟು ನಿಮಿಷದಲ್ಲಿ ಮದುವೆ ಮುಗೀತು!”

“ಉಳಿದ ಎರಡು ನಿಮಿಷ?” ಅಮ್ಮ ಕೇಳಿದಳು.

“ಅದು ಹುಷಾರಿಗೆ.”

ಕೊರೀನ್ ಮಾತು ಕಮ್ಮಿಯ ಹುಡುಗಿ. ಅವಳ ಹುಟ್ಟುಹಬ್ಬದ ಕೇಕು ಆಟ ಮುಗಿಯಲೆಂದು ಕಾಯುತ್ತಿತ್ತು. ಅವಳ ಪಿಯಾನೋ ಕಛೇರಿ ಕಾದಿತ್ತು. ಅಪೆಂಡಿಕ್ಸ್ ಆಪರೇಷನ್ ಕೂಡ ಸೋಮವಾರದವರೆಗೆ ಕಾದಿತ್ತು. ಆಗೆಲ್ಲ ಅವಳು ತುಟಿ ಬಿಚ್ಚಿರಲಿಲ್ಲ. ಈ ದಿನ ಅವಳು ಉಪ್ಪಿನ ಡಬ್ಬಿಯನ್ನೆತ್ತಿ ಅದರ ಜಾಗದಲ್ಲಿಟ್ಟಳು.

“ಅಪ್ಪಾ, ನಾನು ಉಪ್ಪಿನ ಡಬ್ಬಿ ಅಲ್ಲ. ಶನಿವಾರ ನಾಲ್ಕೂವರೆಗೆ ಚರ್ಚಲ್ಲಿ ಗಂಟೆ ಹೊಡೆಯುತ್ತೆ, ನಾನು ಪೀಠದ ಕಡೆ ಹೊರಡ್ತೀನಿ. ನೀವು ಬಂದಿದ್ರೆ ನಿಮ್ಮ ಕೈ ಹಿಡ್ಕೊಂಡು, ಇಲ್ದಿದ್ರೆ ನಿಮ್ಮ ತಂಗಿ ವೆಲ್ಮಾ ಅತ್ತೆ ಕೈ. ಈ ಒಂದು ಸಲ ಯಾರೂ ಆಟಕ್ಕೆ ಕಾಯಲ್ಲ.”

ಕೋಚ್ ಮಗಳ ಮುಖವನ್ನೇ ನೋಡಿದರು. ಆಮೇಲೆ ಜೇಬಿನಿಂದ ಆಟದ ಯೋಜನೆ ಬರೆದ ಚೀಟಿ ತೆಗೆದು, ಅದರ ಮೂಲೆಯಲ್ಲಿ ‘4:30’ ಎಂದು ಬರೆದುಕೊಂಡರು. “ಮಧ್ಯಾಹ್ನ ಹನ್ನೆರಡಕ್ಕೆ ಆಟ ಶುರು. ಮೂರೂವರೆಗೆ ಮುಗಿಯುತ್ತೆ. ಒಂದು ಗಂಟೆ ಉಳಿಯುತ್ತೆ, ಯೋಚ್ನೆ ಬೇಡ.”

ಯೋಚನೆ ಮಾಡಿದ್ದು ಆಕಾಶ. ಆ ಶನಿವಾರ ಎರಡು ಗಂಟೆಗೆ ದೂರದಲ್ಲೆಲ್ಲೋ ಒಂದು ಮಿಂಚು ಮಿಂಚಿತು. ನಿಯಮದ ಪ್ರಕಾರ ಆಟ ನಿಂತಿತು. ಮುಕ್ಕಾಲು ಗಂಟೆ ಎಲ್ಲರೂ ಒಣಗಿದ ಮೈದಾನವನ್ನು ನೋಡುತ್ತ ಕೂತರು.

ನಾಲ್ಕೂಕಾಲಾಯಿತು. ಕ್ರೀಡಾಂಗಣದಿಂದ ಎರಡೇ ರಸ್ತೆ ಆಚೆಗಿರುವ ಚರ್ಚಿನ ಹಿಂಕೋಣೆಯಲ್ಲಿ ಕೊರೀನ್ ಬಿಳಿ ಗೌನು ತೊಟ್ಟು ನಿಂತಿದ್ದಳು. ಕಿಟಕಿಯ ಮೇಲಿದ್ದ ರೇಡಿಯೊ ಒದರುತ್ತಿತ್ತು. ಒಳಗೆ ಹೆಣ್ಣಿನ ಕಡೆಯ ಬೆಂಚುಗಳಲ್ಲಿದ್ದವರು ಕಿವಿ ಕೇಳದ ನಾಲ್ಕು ಜನ ಅಜ್ಜಿಯರು. ಗಂಡಿನ ಕಡೆಯವರು ಸಾಲಾಗಿ ಕೂತು ಪ್ರಾರ್ಥಿಸುತ್ತಿದ್ದರು. ಯಾವುದಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಪಾದ್ರಿ ಓಡಮ್‌ರ ಎಡಗಿವಿಯಿಂದ ತೆಳು ತಂತಿಯೊಂದು ಇಳಿದು ನಿಲುವಂಗಿಯೊಳಗೆ ಮರೆಯಾಗಿತ್ತು.

“ಇನ್ನು ನಾಲ್ಕೇ ಸೆಕೆಂಡು!” ರೇಡಿಯೊ ಕಿರುಚಿತು. “ಆಮೆಗಳು ಏಳು ಪಾಯಿಂಟ್ ಹಿಂದೆ... ಎಸೆದ... ಹಿಡಿದ! ಗೆರೆ ದಾಟಿದ! ಇನ್ನೊಂದೇ ಪಾಯಿಂಟ್, ಆಟ ಸರಿಸಮ!”

ವೆಲ್ಮಾ ಅತ್ತೆ ಕುಣಿದೇಬಿಟ್ಟಳು. ಕೊರೀನ್ ಮಾತ್ರ ಕುರ್ಚಿಯ ಮೇಲೆ ಕುಸಿದಳು. ಒದ್ದರೆ ಸರಿಸಮ. ಸರಿಸಮವಾದರೆ ಹೆಚ್ಚುವರಿ ಆಟ, ಓವರ್‌ಟೈಮ್. ಓವರ್‌ಟೈಮ್ ಅಂದರೆ ಅರ್ಧ ಗಂಟೆಯೋ, ಒಂದು ಗಂಟೆಯೋ, ಬಲ್ಲವರಿಲ್ಲ.

“ಬನ್ನಿ ಅತ್ತೆ, ಕೈ ಕೊಡಿ” ಎಂದಳು.

“ತಾಳೇ, ಆಟ ಮುಗೀಲಿ!”

“ಅತ್ತೆ!”

ಅಷ್ಟರಲ್ಲಿ ರೇಡಿಯೊ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಕೆಟ್ಟುಹೋಯಿತೇನೋ ಎಂದು ವೆಲ್ಮಾ ಅತ್ತೆ ಅದರ ತಲೆಗೊಂದು ಬಿಗಿದಳು. ಆದರೆ ಮಾತು ಕಳೆದುಕೊಂಡದ್ದು ವೀಕ್ಷಕ ವಿವರಣೆಗಾರ.

“ಮಹಾಜನಗಳೇ,” ಕೊನೆಗೂ ಅವನ ಗಂಟಲು ಬಿಟ್ಟಿತು, “ಕೋಚ್ ಗಡಿಯಾರ ನೋಡಿಕೊಂಡ್ರು. ಚೀಟಿ ನೋಡಿಕೊಂಡ್ರು. ಈಗ... ಎರಡು! ಎರಡು ಬೆರಳು! ನನ್ನ ಕಣ್ಣೇ ಸರಿಯಿಲ್ವೋ ಏನೋ! ಒದೆಯೋ ಹುಡುಗ ಅಭ್ಯಾಸಬಲದಿಂದ ಮೈದಾನಕ್ಕೆ ಓಡಿಬಂದಿದ್ದಾನೆ, ಅವನ ಅಂಗಿ ಹಿಡಿದು ಎಳ್ಕೊಂಡು ಹೋಗ್ತಿದ್ದಾರೆ!”

ಕೊರೀನ್ ಎದ್ದು ನಿಂತಳು. ಪಿಯಾನೋ ಕಛೇರಿ, ಕೇಕು, ಅಪೆಂಡಿಕ್ಸ್ ಯಾವುದಕ್ಕೂ ಏಳದಿದ್ದ ಎರಡನೆಯ ಬೆರಳು. ದಾಟಿದರೂ ಬಿದ್ದರೂ ಆಟ ಈಗಲೇ ಮುಗಿಯುತ್ತದೆ. ಗೆಲ್ಲಲಿ ಎಂದು ಬೇಡಿಕೊಳ್ಳುವುದೋ ಸೋಲಲಿ ಎಂದು ಬೇಡಿಕೊಳ್ಳುವುದೋ ತೋಚದೆ, ಕೈಯಲ್ಲಿದ್ದ ಹೂಗುಚ್ಛದ ಎಸಳನ್ನೆಲ್ಲ ಕಿತ್ತು ಹಾಕಿದಳು.

“ನುಗ್ಗಿದ... ಜಾರಿದ... ಕೈ ಚಾಚಿದ... ಗೆರೆ ದಾಟಿತು! ಎರಡು ಪಾಯಿಂಟ್! ಆಮೆಗಳು ಗೆದ್ದರು!”

ಪಾದ್ರಿಯ ಪೀಠದ ಕಡೆಯಿಂದ “ಹಲ್ಲೆಲೂಯ!” ಎಂಬ ಕೂಗು ಕೇಳಿಸಿತು. ಗಂಡಿನ ಕಡೆಯಿಂದ ಬಂದ ಶಬ್ದವನ್ನು ಚರ್ಚಿನಲ್ಲಿ ಆಡುವ ಹಾಗಿಲ್ಲ.

ನಾಲ್ಕೂ ಇಪ್ಪತ್ತೊಂಬತ್ತಕ್ಕೆ ಪೊಲೀಸ್ ಕಾರು ಸೈರನ್ ಊದುತ್ತ ಬಂದು ಹುಲ್ಲಿನ ಮೇಲೇ ನಿಂತಿತು. ಕೋಚ್ ಇಳಿದರು. ಗೆದ್ದ ಕೋಚ್‌ನ ತಲೆಯ ಮೇಲೆ ಆಟಗಾರರು ಪಾನಕದ ಡ್ರಮ್ಮು ಸುರಿಯುವುದು ವಾಡಿಕೆ. ಇನ್ನೂರ ಹನ್ನೆರಡನೆಯ ಗೆಲುವಿಗೆ ಎರಡು ಡ್ರಮ್ಮು ಸುರಿದಿದ್ದರು. ಸಮಯ ಉಳಿಸಲೆಂದು ಕೋಚ್ ಮದುವೆಯ ಬೂದು ಸೂಟನ್ನು ಬೆಳಿಗ್ಗೆಯೇ ತೊಟ್ಟಿದ್ದರು. ಈಗ ಅದು ಕಿತ್ತಳೆ ಬಣ್ಣಕ್ಕೆ ತಿರುಗಿ ಮೊಣಕೈಗಳಿಂದ ತೊಟ್ಟಿಕ್ಕುತ್ತಿತ್ತು. ಹಿಂದೆ ಎರಡು ಜೇನುನೊಣ. ಕಂಕುಳಲ್ಲಿ ಕೊಡೆ ಇತ್ತು, ಮಡಿಸಿದ ಹಾಗೆಯೇ.

“ಇವತ್ತೊಂದಿನ ಆ ಕೊಡೆ ಬಿಚ್ಚಬಾರದಿತ್ತೇ, ಕೋಚ್?” ಎಂದು ಬಾಗಿಲಲ್ಲಿ ಕಾದಿದ್ದ ಅಮ್ಮ ಹಣೆ ಚಚ್ಚಿಕೊಂಡಳು.

ಗಂಟೆ ಹೊಡೆಯಿತು. ಕೊರೀನ್ ಆ ಅಂಟಂಟು ತೋಳಿಗೆ ಕೈ ಕೊಟ್ಟಳು.

“ಒದೆಸಬಹುದಿತ್ತಲ್ಲ ಅಪ್ಪಾ?” ನಡೆಯುತ್ತ ಮೆಲ್ಲಗೆ ಕೇಳಿದಳು.

“ಗಾಳಿ ಎದುರಿಗಿತ್ತು” ಎಂದರು ಕೋಚ್, ಮುಂದೆಯೇ ನೋಡುತ್ತ.

ತೆರೆದ ಕಿಟಕಿಯಾಚೆ ಪೆಕಾನ್ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಕೊರೀನ್ ಅದನ್ನು ನೋಡಿ, ಅಪ್ಪನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಕೋಚ್ ಮಗಳ ಕೈಯನ್ನು ವೇಲನ್‌ನ ಕೈಯಲ್ಲಿಟ್ಟರು. “ಎರಡೂ ಕೈಲಿ ಹಿಡ್ಕೋ ಮಾರಾಯ. ಜಾರಿಸಿದ್ರೆ ಆಟದಿಂದ ತೆಗೆದು ಬೆಂಚಿನ ಮೇಲೆ ಕೂರಿಸ್ತೀನಿ.”

“ಆಗಲಿ ಕೋಚ್” ಎಂದ ವೇಲನ್, ಎರಡೂ ಕೈಯಲ್ಲಿ ಹಿಡಿದು.

ಅಷ್ಟು ಹೊತ್ತಿಗೆ ಅರ್ಧ ಕ್ರೀಡಾಂಗಣವೇ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಹಿಡಿದು ಬೆಂಚುಗಳಲ್ಲಿ ತುಂಬಿಕೊಂಡಿತ್ತು. ಪಾದ್ರಿ ಓಡಮ್ ಕಿವಿಯ ತಂತಿ ಕಿತ್ತು ಗಂಭೀರವಾಗಿ ಕೇಳಿದರು: “ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿ.”

ಗಂಡಿನ ಕಡೆಯ ಮೂರನೆಯ ಸಾಲಿನಿಂದ ವೇಲನ್‌ನ ಚಿಕ್ಕಪ್ಪ ಬ್ಯೂಫರ್ಡ್, ಆಗಷ್ಟೇ ಕ್ರೀಡಾಂಗಣದಿಂದ ಬಂದವರು, ಎದ್ದು ನಿಂತರು. ಮುಖ ಕೆಂಡವಾಗಿತ್ತು.

“ನಂದಿದೆ! ಗೆರೆ ದಾಟೋಕ್ ಮುಂಚೇನೇ ಆ ಹುಡುಗನ ಮೊಣಕಾಲು ನೆಲಕ್ಕೆ ತಾಗಿತ್ತು! ಆ ಎರಡು ಪಾಯಿಂಟ್ ಲೆಕ್ಕಕ್ಕಿಲ್ಲ! ಇಡೀ ರಾಜ್ಯ ನೋಡಿದೆ!”

ಚರ್ಚು ಎರಡು ಭಾಗವಾಗಿ ಎದ್ದು ನಿಂತಿತು. ಕೋಚ್ ನಿಧಾನವಾಗಿ ತಿರುಗಿ ಕೋಟಿನ ತೋಳು ಮಡಚತೊಡಗಿದರು.

ಆಗ ಕೊರೀನ್, ಹೂವಿಲ್ಲದ ಹೂಗುಚ್ಛದ ಕಡ್ಡಿಗಳನ್ನು ವೆಲ್ಮಾ ಅತ್ತೆಗೆ ಕೊಟ್ಟು, ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿದಳು. ಒಂದೇ ಬೆರಳು.

“ಒಂದು ನಿಮಿಷ” ಎಂದಳು. “ನಂದು ಮುಗೀಲಿ. ಆಮೇಲೆ ಹೊಡೆದಾಡಿ.”

ಎಲ್ಲರೂ ಕೂತರು. ಮೊದಲು ಕೂತವರು ಕೋಚ್.